ಕೋಟೆಯಿಂದ ಹೊಲಕ್ಕೆ: ದುರ್ಗದ ಸೀಮೆಯ ಸಾಹಿತ್ಯ, ಬೇಸಾಯ ಮತ್ತು ಪ್ರವಾಸ



ಚಿತ್ರದುರ್ಗಕ್ಕೆ ಬರುವ ಪ್ರವಾಸಿಯ ದಿನ ಹೆಚ್ಚುಕಡಿಮೆ ಒಂದೇ ರೀತಿ ಕಳೆಯುತ್ತದೆ. ಬೆಂಗಳೂರು ಬಿಟ್ಟು ಹೆದ್ದಾರಿಯಲ್ಲಿ ಸುಮಾರು 200 ಕಿಲೋಮೀಟರ್ ಬರುತ್ತಾನೆ. ಹಿರಿಯೂರಿನ ಆಸುಪಾಸಿನಲ್ಲಿ ತಿಂಡಿ ಮುಗಿಸುತ್ತಾನೆ. ಏಳು ಸುತ್ತಿನ ಕೋಟೆ ಹತ್ತಿ ಓಬವ್ವನ ಕಿಂಡಿಯ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾನೆ. ಹೊತ್ತಿದ್ದರೆ ಚಂದ್ರವಳ್ಳಿಗೆ ಹೋಗಿ, ಸಂಜೆಯೊಳಗೆ ಹಂಪಿಯ ದಾರಿಯನ್ನೋ ಜೋಗದ ದಾರಿಯನ್ನೋ ಹಿಡಿಯುತ್ತಾನೆ. ಹೊಸದುರ್ಗ, ಹೊಳಲ್ಕೆರೆಗಳು ಅವನ ನಕ್ಷೆಯಲ್ಲೇ ಇಲ್ಲ. ಹಿರಿಯೂರು ಇದ್ದರೂ ಅದು ಊಟಕ್ಕೆ ನಿಲ್ಲುವ ಜಾಗವಾಗಿ ಮಾತ್ರ. ಈ ಸೀಮೆಯ ಒಂದು ಸೇರು ಸಾವೆಯನ್ನೂ ಕೊಳ್ಳದೆ, ಒಂದು ಹಳ್ಳಿಯ ಹೆಸರನ್ನೂ ಕೇಳದೆ ಅವನು ಮರಳುತ್ತಾನೆ. ಇದರಲ್ಲಿ ಅವನ ತಪ್ಪೇನೂ ಇಲ್ಲ, ನಾವು ತೋರಿಸಿದ್ದೇ ಅಷ್ಟು. ಇಂದಿನ ಉಪನ್ಯಾಸದಲ್ಲಿ ನಾನು ಮಂಡಿಸಲಿರುವ ಮಾತು ಒಂದೇ. ಸಾಹಿತ್ಯದ ನಂಟಿನಿಂದ ದುರ್ಗಕ್ಕೆ ಬರುವವರನ್ನು ಕೋಟೆಯಿಂದ ಹೊಲಕ್ಕೆ ಇಳಿಸಬೇಕು. ಹಾಗೆ ಇಳಿಸುವಾಗ ಬೇಸಾಯವೇ ಮುಖ್ಯ ಬೆಳೆಯಾಗಿ, ಪ್ರವಾಸ ಅದರ ನಡುವಿನ ಅಕ್ಕಡಿ (ಮಿಶ್ರ ಬೆಳೆಯ) ಸಾಲಾಗಿ ಇರಬೇಕು. ಈ ಕ್ರಮ ತಿರುಗುಮುರುಗಾದರೆ ಎರಡೂ ಕೆಡುತ್ತವೆ.

ಕೋಟೆಗೂ ಹೊಲಕ್ಕೂ ಏನು ಸಂಬಂಧ ಎಂದು ಕೇಳುವವರು ಓಬವ್ವನ ಕಥೆಯನ್ನೇ ಮತ್ತೊಮ್ಮೆ ನೆನೆಯಬೇಕು. ಕಾವಲಿನ ಗಂಡ ಊಟಕ್ಕೆ ಬಂದಿದ್ದಾನೆ, ಹೆಂಡತಿ ನೀರಿಗೆ ಹೋಗಿದ್ದಾಳೆ, ಕಿಂಡಿಯಲ್ಲಿ ಶತ್ರು ನುಸುಳುವುದನ್ನು ಕಂಡು ಕೈಗೆ ಸಿಕ್ಕ ಒನಕೆ ಎತ್ತಿದ್ದಾಳೆ. ಅನ್ನ, ನೀರು, ಧಾನ್ಯ ಕುಟ್ಟುವ ಒನಕೆ: ಕಥೆಯ ಸಾಮಗ್ರಿಯೆಲ್ಲ ಬೇಸಾಯದ ಮನೆಯದು. ಕೋಟೆಯೊಳಗೆ ಕಣಜಗಳಿವೆ, ಎಣ್ಣೆಯ ಕೊಳಗಳಿವೆ. ಬೆಟ್ಟದ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿಯರ ಹೊಂಡ ತುಂಬಿ, ಸಿಹಿನೀರು ಹೊಂಡಕ್ಕಿಳಿದು, ಕಡೆಗೆ ಪೇಟೆಯ ಸಂತೆಹೊಂಡ ಸೇರುವಂತೆ ಕಟ್ಟಿದ ವ್ಯವಸ್ಥೆಯಿದೆ. ಮಳೆ ಕಡಿಮೆಯ ನಾಡಿನಲ್ಲಿ ಕೋಟೆ ನಿಂತದ್ದು ಕಲ್ಲಿನಿಂದ ಎಷ್ಟೋ ಈ ನೀರಿನ ಲೆಕ್ಕದಿಂದಲೂ ಅಷ್ಟೇ. ಪಾಳೆಯಗಾರರಲ್ಲಿ ಭರಮಣ್ಣ ನಾಯಕನ ಹೆಸರು ಇಂದಿಗೂ ಕೆರೆಗಳ ಜೊತೆಗೇ ಬರುತ್ತದೆ. ಇನ್ನೂ ಹಿಂದೆ ಹೋದರೆ, ಚಂದ್ರವಳ್ಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮ ಬರೆಸಿದ ಪ್ರಾಕೃತ ಶಾಸನ ಸಿಗುತ್ತದೆ. ಅವನು ಗೆದ್ದವರ ಪಟ್ಟಿ ಅದರಲ್ಲಿದೆ, ನಿಜ. ಆದರೆ ಆ ಬರಹ ಹುಟ್ಟಿದ್ದು ಒಂದು ಕೆರೆ ಕಟ್ಟಿಸಿದ ಸಂಗತಿಯನ್ನು ದಾಖಲಿಸಲು. ಈ ನೆಲದ ಬಹು ಹಳೆಯ ಲಿಖಿತ ಪಠ್ಯಗಳಲ್ಲಿ ಒಂದು ನೀರು ನಿಲ್ಲಿಸಿದ ವರದಿ ಎಂಬುದನ್ನು ನಮ್ಮ ಪ್ರವಾಸಿ ಮಾರ್ಗದರ್ಶಿಗಳು ಒತ್ತಿ ಹೇಳುವುದಿಲ್ಲ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯ ಬೇಸಾಯವನ್ನು ಸಮೀಕ್ಷೆ ಮಾಡಲು ಹೊರಟ. 1801ರಲ್ಲಿ ಚಿತ್ರದುರ್ಗದ ಸೀಮೆಯನ್ನು ಹಾದು ಹಿರಿಯೂರಿಗೆ ಬಂದ. ಅವನು ಪರದೇಶದ ಅಧಿಕಾರಿ, ಅವನ ಉದ್ದೇಶ ಈಸ್ಟ್ ಇಂಡಿಯಾ ಕಂಪನಿಯ ಹಿತ. ಆದರೂ ಈ ದಾರಿಯಲ್ಲಿ ನಡೆದು ಇಂಗ್ಲಿಷಿನಲ್ಲಿ ಬರೆದ ಆ ದೊಡ್ಡ ಪ್ರವಾಸ ಕಥನದ ತಿರುಳು ಮಣ್ಣು, ಬಿತ್ತನೆ, ಉಪಕರಣ, ಧಾರಣೆ. ಪ್ರವಾಸಿ ಹೊಲ ನೋಡುವುದು ಇಲ್ಲಿ ಹೊಸ ಫ್ಯಾಷನ್ ಅಲ್ಲ.

ಇನ್ನು ಸಾಹಿತ್ಯದ ಕಡೆಗೆ ಬರೋಣ. ದುರ್ಗವನ್ನು ಕನ್ನಡಿಗರ ಮನಸ್ಸಿನಲ್ಲಿ ಕಟ್ಟಿದವರು ತ.ರಾ.ಸು. ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನದ ಆ ಲೇಖಕ ಕಂಬನಿಯ ಕುಯಿಲು, ರಕ್ತರಾತ್ರಿ, ತಿರುಗುಬಾಣಗಳಿಂದ ದುರ್ಗಾಸ್ತಮಾನದವರೆಗೆ ಪಾಳೆಯಗಾರರ ಏಳುಬೀಳುಗಳನ್ನು ಬರೆದರು. ಅವರು ತೀರಿಕೊಂಡ ಮರುವರ್ಷ, 1985ರಲ್ಲಿ, ದುರ್ಗಾಸ್ತಮಾನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1972ರಲ್ಲಿ ಪುಟ್ಟಣ್ಣ ಕಣಗಾಲರು ಅವರ ಕಾದಂಬರಿಗಳನ್ನು ಆಧರಿಸಿ ತೆಗೆದ ನಾಗರಹಾವು ಕೋಟೆಯ ಬಂಡೆಗಳನ್ನು ನಾಡಿನ ಮನೆಮನೆಗೂ ಒಯ್ದಿತು. ಇಂದು ಕೋಟೆ ಹತ್ತುವವರಲ್ಲಿ ಎಷ್ಟೋ ಜನ ಬರುವುದು ಇತಿಹಾಸಕ್ಕಿಂತ ಆ ಸಿನಿಮಾದ ನೆನಪಿಗಾಗಿ. ಆದರೆ ಸಾಹಿತ್ಯ ಕೋಟೆಯ ಬುರುಜಿಗೆ ಮುಗಿಯುವುದಿಲ್ಲ. ಹಿರಿಯೂರು, ಚಳ್ಳಕೆರೆ, ಶಿರಾ ಕಡೆಯ ಗೊಲ್ಲರಹಟ್ಟಿಗಳಲ್ಲಿ ಗಣೆಯೆಂಬ ಕೊಳಲಿನ ದನಿಯೊಂದಿಗೆ ಹಾಡುವ, ಗೊಲ್ಲರ ವೀರ ಜುಂಜಪ್ಪನ ಕಾವ್ಯವಿದೆ. ಅದರ ಲೋಕ ದನ, ಹುಲ್ಲು, ನೀರಿನ ಲೋಕ. ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಅವರ ನೆನಪಿನಲ್ಲಿದ್ದ ಹಾಡುಗಳ ರಾಶಿಯನ್ನು ಕೃಷ್ಣಮೂರ್ತಿ ಹನೂರರು ಸಂಗ್ರಹಿಸಿದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆ ತಾಯಿಗೆ ನಾಡೋಜ ಗೌರವ ಕೊಟ್ಟಿತು. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಯೋಗ, ಆಯುರ್ವೇದ, ಶಾಲೆಗಳನ್ನು ಕಟ್ಟಿದ ರಾಘವೇಂದ್ರ ಸ್ವಾಮಿಗಳು ‘ತಿರುಕ’ ಎಂಬ ಹೆಸರಿನಲ್ಲಿ ಬರೆದರು. ಅದೇ ಹಳ್ಳಿಯಿಂದ ರಾಘವೇಂದ್ರ ಪಾಟೀಲರು ‘ಸಂವಾದ’ ಎಂಬ ಸಾಹಿತ್ಯ ಪತ್ರಿಕೆಯನ್ನು ಹೊರತಂದರು. ಒಂದು ಹಳ್ಳಿಯ ವಿಳಾಸದಿಂದ ಗಂಭೀರ ಸಾಹಿತ್ಯ ಪತ್ರಿಕೆ ಬರುತ್ತಿತ್ತು ಎಂಬುದೇ ಈ ಜಿಲ್ಲೆಯ ಬಗ್ಗೆ ದೊಡ್ಡ ಮಾತನ್ನು ಹೇಳುತ್ತದೆ.

ನನ್ನ ವಾದಕ್ಕೆ ಎಲ್ಲಕ್ಕಿಂತ ಹತ್ತಿರದ ಸಾಕ್ಷಿ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ. ಅಲ್ಲಿನ ತರಳಬಾಳು ಶಾಖಾ ಮಠದ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳ ಮುಂದಾಳತನದಲ್ಲಿ ಶಿವಕುಮಾರ ಕಲಾಸಂಘ ಬೆಳೆಯಿತು. 1997ರಿಂದ ಶಿವಸಂಚಾರ ತಂಡ ವರ್ಷವರ್ಷವೂ ನಾಟಕ ಕಟ್ಟಿಕೊಂಡು ನಾಡೆಲ್ಲ ತಿರುಗುತ್ತಿದೆ. ರಂಗಶಾಲೆಯಿದೆ. ರಂಗಕರ್ಮಿ ಸಿ.ಜಿ. ಕೃಷ್ಣಸ್ವಾಮಿಯವರ ಕನಸೂ ಸೇರಿದ ಬಯಲು ರಂಗಮಂದಿರವಿದೆ. ನವೆಂಬರಿನಲ್ಲಿ ನಾಟಕೋತ್ಸವ ನಡೆಯುವಾಗ ಸುತ್ತಲ ಹಳ್ಳಿಗಳ ರೈತರು ಹೊಲದ ಕೆಲಸ ಮುಗಿಸಿ, ಮಕ್ಕಳುಮರಿ ಕಟ್ಟಿಕೊಂಡು ಬಂದು ಕಲ್ಲಿನ ಮೆಟ್ಟಿಲ ಮೇಲೆ ಕೂತು ನಾಟಕ ನೋಡುತ್ತಾರೆ. ದೂರದ ಊರುಗಳ ರಂಗಾಸಕ್ತರು ಅವರ ಪಕ್ಕದಲ್ಲೇ ಕೂರುತ್ತಾರೆ. ಐಷಾರಾಮಿ ಹೋಟೆಲಿಲ್ಲದ, ವಿಮಾನ ನಿಲ್ದಾಣವಿಲ್ಲದ ಊರಿಗೆ ಕಲೆಯ ಹೆಸರಿನಲ್ಲಿ ಜನ ಬರುತ್ತಾರೆ ಎಂಬುದಕ್ಕೆ ಇದಕ್ಕಿಂತ ಬೇರೆ ರುಜುವಾತು ಬೇಡ. ಆದರೆ ಗಮನಿಸಿ: ನಾಟಕೋತ್ಸವದ ದಿನಗಳೇ ರಾಗಿ ತೆನೆ ಬಲಿತು ಕೊಯ್ಲಿಗೆ ಬರುವ ದಿನಗಳು. ಬಂದವರು ರಾತ್ರಿ ನಾಟಕ ನೋಡುತ್ತಾರೆ, ಬೆಳಿಗ್ಗೆ ಮರಳುತ್ತಾರೆ. ರಂಗಮಂದಿರಕ್ಕೆ ಅಂಟಿಕೊಂಡಂತೇ ಇರುವ ಹೊಲಗಳಿಗೂ ಅವರಿಗೂ ಮಾತಾಗುವುದೇ ಇಲ್ಲ.

ಆ ಹೊಲದಲ್ಲಿ ನೋಡುವಂಥದ್ದೇನಿದೆ ಎಂಬ ಪ್ರಶ್ನೆಗೆ ಸ್ವಲ್ಪ ನಿಧಾನವಾಗಿಯೇ ಉತ್ತರ ಹೇಳಬೇಕು. ಈ ಜಿಲ್ಲೆಯ ಸರಾಸರಿ ಮಳೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು. ಅದೂ ಹೇಳಿದ ಹೊತ್ತಿಗೆ ಬರುವುದಿಲ್ಲ. ಇಂಥ ನೆಲದಲ್ಲಿ ರೈತರು ಕಂಡುಕೊಂಡ ಜಾಣತನದ ಹೆಸರು ಅಕ್ಕಡಿ. ಪುನರ್ವಸು, ಪುಷ್ಯ ಮಳೆಯ ಹದದಲ್ಲಿ ರಾಗಿ ಬಿತ್ತುವಾಗ ಕೂರಿಗೆಯ ಬಟ್ಟಲಿಗೆ ಒಬ್ಬರು ರಾಗಿ ಬಿಡುತ್ತಾರೆ. ಹಿಂದೆ ಹಗ್ಗದಲ್ಲಿ ಕಟ್ಟಿಕೊಂಡು ಬರುವ ಒಂಟಿ ಕೊಳವೆಗೆ ಇನ್ನೊಬ್ಬರು, ಹೆಚ್ಚಾಗಿ ಮನೆಯ ಹೆಣ್ಣುಮಗಳು, ಅವರೆ, ತೊಗರಿ, ಹುಚ್ಚೆಳ್ಳು, ಜೋಳ, ಹರಳಿನ ಬೀಜ ಬೆರೆಸಿ ಬಿಡುತ್ತಾ ನಡೆಯುತ್ತಾರೆ. ಕೆಲವು ಸಾಲು ರಾಗಿಗೆ ಒಂದು ಸಾಲು ಅಕ್ಕಡಿ. ಮುಂಗಾರು ಕೈಕೊಟ್ಟು ರಾಗಿ ಸೊರಗಿದರೆ ತೊಗರಿಯ ಆಳದ ಬೇರು ಹಿಂಗಾರಿನ ತೇವ ಹಿಡಿದು ನಿಲ್ಲುತ್ತದೆ. ಮಳೆ ಚೆನ್ನಾಗಿ ಆದರೆ ಎರಡೂ ಕೈಗೆ ಬರುತ್ತವೆ. ಮುದ್ದೆಗೆ ರಾಗಿ, ಸಾರಿಗೆ ಬೇಳೆ, ಚಟ್ನಿಗೆ ಹುಚ್ಚೆಳ್ಳು, ದೀಪಕ್ಕೆ ಹರಳೆಣ್ಣೆ, ದನಕ್ಕೆ ಹುಲ್ಲು ಮತ್ತು ಸೊಪ್ಪೆ, ಎಲ್ಲವೂ ಒಂದೇ ತಾಕಿನಿಂದ. ದ್ವಿದಳ ಗಿಡದ ಬೇರು ನೆಲಕ್ಕೆ ಸಾರಜನಕ ಕೊಡುತ್ತದೆ, ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುತ್ತದೆ. ಹೊಸದುರ್ಗದ ಕೆಂಪು ನೆಲ ಸಾವೆಗೆ ಹೆಸರುವಾಸಿ. ಸಾವೆ ಕಡಿಮೆ ಮಳೆಯಲ್ಲೂ ಬೇಗ ಕಟಾವಿಗೆ ಬಂದು, ಬರಗಾಲದಲ್ಲಿ ಮನೆ ಉಳಿಸುವ ಧಾನ್ಯ. ಬಿತ್ತನೆಯ ಬೀಜ ಯಾವುದು, ಯಾವ ಮಳೆಗೆ, ಯಾವ ಹೊಲಕ್ಕೆ ಎಂಬ ತಿಳಿವಳಿಕೆ ಗಾದೆಯಾಗಿ, ಹಾಡಾಗಿ, ಒಗಟಾಗಿ ಬಾಯಿಂದ ಬಾಯಿಗೆ ಬಂದಿದೆ. ಬೀಸುವ ಕಲ್ಲು ಮೂಲೆ ಸೇರಿದಾಗ ಬೀಸುವ ಪದ ಹೋಯಿತು. ಕೂರಿಗೆ ಅಟ್ಟ ಹತ್ತಿದರೆ ಮಳೆಯ ಗಾದೆಗಳೂ ಹೋಗುತ್ತವೆ. ಇಲ್ಲಿ ಬೇಸಾಯವನ್ನೂ ಸಾಹಿತ್ಯವನ್ನೂ ಬೇರೆಬೇರೆ ಇಲಾಖೆಗಳಿಗೆ ಒಪ್ಪಿಸಿ ಉಳಿಸಲಾಗದು ಎಂದು ನಾನು ಹೇಳುವುದು ಇದಕ್ಕಾಗಿ.

ಆ ಬೇಸಾಯ ಈಗ ಹಿಂದೆ ಸರಿಯುತ್ತಿದೆ. ಮೆಕ್ಕೆಜೋಳ ಒಂದೇ ಬೆಳೆಯಾಗಿ ಹೊಲ ತುಂಬುತ್ತಿದೆ. ಹೊಳಲ್ಕೆರೆ, ಭೀಮಸಮುದ್ರದ ಕಡೆಯ ಅಡಿಕೆ ಕೊಳವೆ ಬಾವಿಯ ಬೆನ್ನು ಹತ್ತಿ ಒಣ ಹೊಲಗಳಿಗೂ ಕಾಲಿಡುತ್ತಿದೆ. ಹೊಸದುರ್ಗ, ಹಿರಿಯೂರುಗಳಲ್ಲಿ ದಾಳಿಂಬೆಯಿದೆ. ರೈತರು ಹಣ ಬರುವ ಬೆಳೆ ಹುಡುಕುವುದು ಸಹಜ, ಅದನ್ನು ದೂರುವ ಹಕ್ಕು ಪೇಟೆಯಲ್ಲಿ ಸಂಬಳ ಎಣಿಸುವ ನಮಗಿಲ್ಲ. ಆದರೆ ನೀರಿನ ಚರಿತ್ರೆಯನ್ನು ಮರೆಯಬಾರದು. ವೇದಾವತಿಗೆ ಅಡ್ಡಲಾಗಿ ಮೈಸೂರು ಸಂಸ್ಥಾನ ಕಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರ, ನಮ್ಮವರ ಮಾರಿಕಣಿವೆ, ಸುಮಾರು 30 ಟಿಎಂಸಿ ನೀರು ಹಿಡಿಯುತ್ತದೆ. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬೀಳಲು 2022 ಬರಬೇಕಾಯಿತು. ನಡುವೆ 89 ವರ್ಷ. ಆ ನಡುವಿನ ಬರದ ವರ್ಷಗಳಲ್ಲಿ ಹಿರಿಯೂರಿನ ತೆಂಗು, ಅಡಿಕೆ ತೋಟಗಳು ನಿಂತಲ್ಲೇ ಒಣಗಿದವು. 2023ರ ಕೇಂದ್ರ ಬಜೆಟ್ಟಿನಲ್ಲಿ ಈ ಸೀಮೆಗೆ ನೀರು ತರುವ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ನೀರು ಬರಲಿ, ಬರಲೇಬೇಕು. ಆದರೆ ಎಷ್ಟು ನೀರು ಬಂದರೂ ಈ ಸೀಮೆಯ ಎಲ್ಲ ಹೊಲ ತೋಟವಾಗುವುದಿಲ್ಲ. ಒಣ ಬೇಸಾಯದ ತಿಳಿವಳಿಕೆ ನಾಳೆಗೂ ಬೇಕು, ಅದನ್ನು ಉಳಿಸಿಕೊಂಡ ರೈತನಿಗೆ ಬೆಳೆಯ ಬೆಲೆಯ ಜೊತೆಗೆ ಇನ್ನೊಂದು ಆದಾಯ ಬೇಕು. ಪ್ರವಾಸ ಆ ಇನ್ನೊಂದು ಆದಾಯವಾಗಬಲ್ಲದು.

ಹೀಗೆ ಸಾಹಿತ್ಯ, ಬೇಸಾಯಗಳನ್ನು ಒಂದೇ ನೊಗಕ್ಕೆ ಕಟ್ಟಿದ ಉದಾಹರಣೆ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್. 2017ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ವರ್ಡ್ಸ್‌ವರ್ತ್‌ನಂಥ ಕವಿಗಳ ನೆಲವೆಂಬುದು ಒಂದು ಕಾರಣ, ಕುರಿ ಸಾಕುವ ರೈತರು ಶತಮಾನಗಳಿಂದ ರೂಪಿಸಿದ ನೆಲವೆಂಬುದು ಅಷ್ಟೇ ಮುಖ್ಯವಾದ ಇನ್ನೊಂದು ಕಾರಣ. ಮಕ್ಕಳ ಕಥೆಗಳ ಲೇಖಕಿ ಬಿಯಾಟ್ರಿಕ್ಸ್ ಪಾಟರ್ ಪುಸ್ತಕದ ಗಳಿಕೆಯಿಂದ ಅಲ್ಲಿನ ಹೊಲಮನೆಗಳನ್ನು ಕೊಂಡರು. 1943ರಲ್ಲಿ ತೀರಿಕೊಂಡಾಗ 4,000 ಎಕರೆಗೂ ಹೆಚ್ಚು ಜಮೀನನ್ನು ನ್ಯಾಷನಲ್ ಟ್ರಸ್ಟಿಗೆ ಬಿಟ್ಟುಹೋದರು. ಆ ಗುಡ್ಡಗಳಲ್ಲಿ ನಾಡತಳಿಯ ಹರ್ಡ್‌ವಿಕ್ ಕುರಿಗಳ ಸಾಕಣೆ ಮುಂದುವರಿಯಬೇಕೆಂಬುದು ಅವರ ಬಯಕೆಯಾಗಿತ್ತು. ಸ್ಮಾರಕ ಕಟ್ಟುವುದಕ್ಕಿಂತ ಕುರಿ ಉಳಿಸುವುದು ದೊಡ್ಡದೆಂದು ಒಬ್ಬ ಲೇಖಕಿಗೆ ತೋಚಿತಲ್ಲ, ಅದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಇಟಲಿ 1985ರಲ್ಲೇ ಕಾನೂನು ಮಾಡಿ, ಹೊಲಮನೆಯಲ್ಲಿ ಅತಿಥಿಗಳನ್ನು ಇಟ್ಟುಕೊಳ್ಳುವವರು ರೈತರೇ ಆಗಿರಬೇಕು, ಅವರ ಮುಖ್ಯ ಕಸುಬು ಬೇಸಾಯವಾಗಿಯೇ ಉಳಿಯಬೇಕು ಎಂದು ಕಟ್ಟು ಹಾಕಿತು. ನಮಗೆ ಬೇಕಾದ ನಿಯಮವೂ ಇದೇ. ಉತ್ತು ಬಿತ್ತುವವರಿಗಷ್ಟೇ ಪರವಾನಗಿ. ಬಿತ್ತುವುದನ್ನು ನಿಲ್ಲಿಸಿದ ವರ್ಷ ಅತಿಥಿಗಳನ್ನು ಇಟ್ಟುಕೊಳ್ಳುವುದೂ ನಿಲ್ಲಬೇಕು.

ಇಷ್ಟು ಕೇಳಿದವರಲ್ಲಿ ಸಾಹಿತ್ಯದ ಕಡೆಯಿಂದ ಮೊದಲ ಆಕ್ಷೇಪ ಬರುತ್ತದೆ. ಕಾದಂಬರಿ ಓದುಗನ ಮನಸ್ಸಿನಲ್ಲಿ ನಡೆಯುತ್ತದೆ, ಅದರ ಜಾಗವನ್ನು ಟಿಕೆಟ್ ಕೊಟ್ಟು ತೋರಿಸುವುದು ಓದನ್ನೇ ಅಗ್ಗ ಮಾಡಿದಂತೆ ಎನ್ನುವವರಿದ್ದಾರೆ. ಸ್ವತಃ ವರ್ಡ್ಸ್‌ವರ್ತ್ ತನ್ನ ಸರೋವರಗಳ ಬಗ್ಗೆ ಮಾರ್ಗದರ್ಶಿ ಬರೆದವನೇ, 1844ರಲ್ಲಿ ಅಲ್ಲಿಗೆ ರೈಲು ಬರುವುದನ್ನು ವಿರೋಧಿಸಿದ. ಈ ಅಳುಕಿನಲ್ಲಿ ತಿರುಳಿದೆ. ಕುಪ್ಪಳಿಯ ಕವಿಮನೆ, ಕವಿಶೈಲಕ್ಕೆ ಬಂದವರೆಲ್ಲ ಕುವೆಂಪು ಅವರನ್ನು ಓದಿರುವುದಿಲ್ಲ, ಒಪ್ಪುತ್ತೇನೆ. ಆದರೆ ಆ ಬಂಡೆಗಳ ಮೇಲೆ ಕೂತ ಮೇಲೆ ಓದಲು ಶುರು ಮಾಡಿದವರೂ ಇದ್ದಾರೆ. ಅದಕ್ಕಿಂತ ಮುಖ್ಯವಾಗಿ, ದುರ್ಗದ ಸೀಮೆಯ ಸಾಹಿತ್ಯದಲ್ಲಿ ಅರ್ಧ ಪಾಲು ಪುಸ್ತಕದಲ್ಲಿಲ್ಲ, ಹಾಡುವವರ ಗಂಟಲಿನಲ್ಲಿದೆ. ಅದನ್ನು ಮನೆಯಲ್ಲಿ ಕೂತು ಓದಲಾಗದು, ಹಾಡುವವರ ಊರಿಗೆ ಹೋಗಿಯೇ ಕೇಳಬೇಕು. ಹಾಗೆ ಹೋದವರು ಹಾಡಿಗೆ ತಕ್ಕ ಸಂಭಾವನೆ ಕೊಡಬೇಕು.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು. ಬಡ ರೈತನನ್ನು, ಹಟ್ಟಿಯ ಹೆಂಗಸನ್ನು ಪೇಟೆಯವರ ಕ್ಯಾಮೆರಾದ ಮುಂದೆ ನಿಲ್ಲಿಸುವುದು ಮರ್ಯಾದೆಯೇ? ಸಂಪ್ರದಾಯವೆಂದು ತೋರಿಸುವುದರಲ್ಲಿ ಬಿಡಬೇಕಾದ ಕಟ್ಟಳೆಗಳೂ ಸೇರಿಕೊಳ್ಳುವುದಿಲ್ಲವೇ? ಸೇರುತ್ತವೆ. ಸಿರಿಯಜ್ಜಿಯಂಥವರ ಕಾವ್ಯವನ್ನು ಕಾಪಾಡಿದ ಗೊಲ್ಲರಹಟ್ಟಿಗಳಲ್ಲೇ ಮುಟ್ಟಾದ ಹೆಣ್ಣುಮಕ್ಕಳನ್ನೂ ಹಸಿ ಬಾಣಂತಿಯರನ್ನೂ ಊರ ಹೊರಗಿನ ಗುಡಿಸಲಿಗೆ ಕಳಿಸುವ ಪದ್ಧತಿ ಇಂದಿಗೂ ಪೂರ್ತಿ ಅಳಿದಿಲ್ಲ. ಹಾಡಿನ ಚೆಲುವಿನ ಮರೆಯಲ್ಲಿ ಈ ಕ್ರೌರ್ಯಕ್ಕೆ ಜಾಗ ಕೊಡಬಾರದು. ಜಾತಿಯ ಪ್ರಶ್ನೆಯೂ ಅಷ್ಟೇ. ಊರಿನ ನಾಲ್ಕು ಉಳ್ಳವರ ಮನೆಗಳಿಗೆ ಅತಿಥಿಗಳು ಹೋಗಿ, ಕೇರಿಯ ಮನೆಗಳಿಗೆ ಪಾತ್ರೆ ತೊಳೆಯುವ ಕೂಲಿ ಮಾತ್ರ ದಕ್ಕಿದರೆ ಅಂಥ ಪ್ರವಾಸ ಬೇಡವೇ ಬೇಡ. ಅತಿಥಿಗಳು ಎಲ್ಲ ಕೇರಿಗಳ ಮನೆಗಳಿಗೂ ಸರದಿಯಂತೆ ಹೋಗಬೇಕು, ಮುಟ್ಟಿನ ಗುಡಿಸಲು ಉಳಿಸಿಕೊಂಡ ಹಟ್ಟಿಗೆ ಪರವಾನಗಿ ಇರಬಾರದು, ಹಾಡುವವರ, ದುಡಿಯುವವರ ಒಪ್ಪಿಗೆಯಿಲ್ಲದೆ ಚಿತ್ರ ತೆಗೆಯಬಾರದು. ಹೊರಗಿನವರ ಮುಂದೆ ನಮ್ಮ ಮನೆ ಹೇಗಿರಬೇಕು ಎಂಬ ಎಚ್ಚರ ಹುಟ್ಟಿದರೆ ಅದರಿಂದ ಆಗುವ ಬದಲಾವಣೆ ಬಂದವರಿಗಿಂತ ಊರಿನ ಹೆಣ್ಣುಮಕ್ಕಳಿಗೇ ಹೆಚ್ಚು ಒಳಿತು.

ಪ್ರವಾಸ ಊರಿನ ನೀರನ್ನು ಕಸಿಯುತ್ತದೆ ಎಂಬ ಮೂರನೆಯ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಕುಡಿಯುವ ನೀರಿಗೆ ಚಿತ್ರದುರ್ಗ, ಹಿರಿಯೂರುಗಳು ಮಾರಿಕಣಿವೆಯನ್ನು ನಂಬಿರುವಾಗ ಅದರ ಹಿನ್ನೀರಿನ ಅಂಚಿನಲ್ಲಿ ಈಜುಕೊಳದ ರೆಸಾರ್ಟ್ ಕಟ್ಟುವುದು ಅನ್ಯಾಯ. ಅಲ್ಲಿ ಜಮೀನಿನ ಬೆಲೆ ಏರುತ್ತದೆ, ರೈತ ಮಾರುತ್ತಾನೆ, ಅವನ ಮಗ ಅದೇ ಹೊಲದ ಗೇಟಿನಲ್ಲಿ ಕಾವಲುಗಾರನಾಗುತ್ತಾನೆ. ಲೇಕ್ ಡಿಸ್ಟ್ರಿಕ್ಟಿನಲ್ಲೂ ಹೊರಗಿನವರು ರಜೆಗೆಂದು ಮನೆ ಕೊಂಡು ಕೊಂಡು, ಊರಿನ ಮಕ್ಕಳಿಗೆ ಮನೆ ಸಿಗದಂತಾಗಿದೆ. ಆದ್ದರಿಂದ ನನ್ನ ಸಲಹೆಯಲ್ಲಿ ಹೊಸ ಕಟ್ಟಡವೇ ಇಲ್ಲ. ಇರುವ ಮನೆಯಲ್ಲಿ ಒಂದು ಕೋಣೆ, ಇರುವ ಶಾಲೆಯ ಜಗಲಿ, ಇರುವ ಕಣ. ಒಂದು ಊರಿಗೆ ಒಂದು ದಿನಕ್ಕೆ ಎಷ್ಟು ಜನ ಎಂಬುದನ್ನು ಆ ವರ್ಷದ ನೀರು ನೋಡಿ ಗ್ರಾಮಸಭೆ ತೀರ್ಮಾನಿಸಬೇಕು. ಬರದ ವರ್ಷ ಬಾಗಿಲು ಮುಚ್ಚುವ ಹಕ್ಕೂ ಅದಕ್ಕೇ ಇರಬೇಕು.

ಇಂಥ ಪ್ರವಾಸದಿಂದ ಬರುವ ಪುಡಿಗಾಸಿನಿಂದ ರೈತನ ಬದುಕು ಬದಲಾದೀತೇ ಎಂದು ಕೇಳಬಹುದು. ಪೂರ್ತಿ ಬದಲಾಗದು, ಬದಲಾಗಬೇಕೆಂದು ನಾನು ಹೇಳುತ್ತಲೂ ಇಲ್ಲ. ಸಾವೆಯನ್ನು ಮನೆಯಲ್ಲಿ ಕುಟ್ಟಿ ಅಕ್ಕಿ ಮಾಡುವುದು ಮೈಮುರಿಯುವ ಕೆಲಸ, ಹೀಗಾಗಿ ರೈತರು ಹೊಟ್ಟು ಸಮೇತ ವ್ಯಾಪಾರಿಗೆ ಮಾರಿಬಿಡುತ್ತಾರೆ. ಲಾಭವೆಲ್ಲ ಗಿರಣಿಯಿಂದ ಆಚೆ ಹುಟ್ಟುತ್ತದೆ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿ ಪೇಟೆಯಲ್ಲಿ ಮೇಳಗಳು ನಡೆದವು. ನಮ್ಮ ರಾಜ್ಯದ ರೈತಸಿರಿ ಯೋಜನೆ ಸಿರಿಧಾನ್ಯ ಬೆಳೆಯುವವರಿಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಕೊಟ್ಟಿತು. ಇವು ಒಳ್ಳೆಯವೇ. ಆದರೆ ಹೊಲಕ್ಕೇ ಬಂದು, ಸಾವೆಯ ಅನ್ನ ಉಂಡು, ಹೆಣ್ಣುಮಕ್ಕಳ ಸಂಘದ ಗಿರಣಿಯಿಂದ ವರ್ಷಕ್ಕಾಗುವಷ್ಟು ಧಾನ್ಯ ಕೊಂಡು, ಮುಂದಿನ ವರ್ಷ ಅಂಚೆಯಲ್ಲಿ ತರಿಸಿಕೊಳ್ಳುವ ಗಿರಾಕಿಯನ್ನು ಯಾವ ಮೇಳವೂ ಕೊಡಲಾರದು. ಕೋಣೆಯ ಬಾಡಿಗೆಗಿಂತ ಆ ಗಿರಾಕಿ ದೊಡ್ಡ ಗಳಿಕೆ. ಅಕ್ಕಡಿಯಲ್ಲೂ ಯಾರೂ ಹುಚ್ಚೆಳ್ಳಿನಿಂದ ಮನೆ ಕಟ್ಟುವುದಿಲ್ಲ, ಆದರೂ ಬಿತ್ತುವುದನ್ನು ಬಿಡುವುದಿಲ್ಲ.

ಆರಂಭಕ್ಕೆ ದೊಡ್ಡ ಯೋಜನೆ ಬೇಕಾಗಿಲ್ಲ. ನಾಟಕೋತ್ಸವಕ್ಕೆ ಬರುವವರು ಇನ್ನೊಂದು ದಿನ ಉಳಿದು ರಾಗಿ ಕೊಯ್ಲಿಗೆ ಹೋಗುವಂತೆ ಸಾಣೇಹಳ್ಳಿಯ ಸುತ್ತಲ ಪಂಚಾಯಿತಿಗಳು ಏರ್ಪಾಟು ಮಾಡಬಹುದು. ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನಿಗಳು ಅಕ್ಕಡಿ ಉಳಿಸಿಕೊಂಡ ರೈತರನ್ನು ಗುರುತಿಸಬಹುದು. ಮಲ್ಲಾಡಿಹಳ್ಳಿಯ ಆಶ್ರಮದಲ್ಲಿ, ಬಯಲು ಗಣಪನ ಊರಾದ ಹೊಳಲ್ಕೆರೆಯಲ್ಲಿ ಓದುವ ಕಮ್ಮಟ ನಡೆಯಬಹುದು. ಕೋಟೆಯ ಬಾಗಿಲಲ್ಲೇ ಈ ಊರುಗಳ ನಕ್ಷೆ, ತ.ರಾ.ಸು. ಪುಸ್ತಕ ಮತ್ತು ಒಂದು ಸೇರು ಸಾವೆ ಒಟ್ಟಿಗೆ ಸಿಗುವ ಅಂಗಡಿ ತೆರೆಯಬಹುದು. ಸಾಹಿತ್ಯ ಪರಿಷತ್ತಿನ ತಾಲ್ಲೂಕು ಘಟಕಗಳಿಗೆ ನನ್ನ ಕೋರಿಕೆ ಇನ್ನೂ ಚಿಕ್ಕದು. ಪ್ರತಿ ಹೋಬಳಿಯಲ್ಲಿ ಎರಡು ಹಳ್ಳಿ ಆರಿಸಿಕೊಂಡು ಅಲ್ಲಿ ಹಾಡು ಬಲ್ಲವರು ಯಾರು, ನಾಟಿ ಬೀಜ ಇಟ್ಟವರು ಯಾರು, ಕೂರಿಗೆ ಯಾರ ಮನೆಯಲ್ಲಿದೆ, ಯಾವ ಹೊಲಕ್ಕೆ ಏನು ಹೆಸರು, ಆ ಹೆಸರಿನ ಹಿಂದೆ ಏನು ಕಥೆ ಎಂದು ಅವರವರ ಒಪ್ಪಿಗೆ ಪಡೆದು ಬರೆದಿಟ್ಟುಕೊಳ್ಳಿ. ಶಾಲೆಯ ಮಕ್ಕಳನ್ನು ಜೊತೆಗೆ ಕರೆದುಕೊಳ್ಳಿ. ಏಪ್ರಿಲ್ ಕೊನೆಗೆ ಭರಣಿ ಮಳೆ ಹುಟ್ಟುತ್ತದೆ. ಆಮೇಲೆ ರೈತರಿಗೆ ನಮ್ಮೊಡನೆ ಕೂತು ಮಾತಾಡಲು ಬಿಡುವಿರುವುದಿಲ್ಲ. ಪಟ್ಟಿ ಅಷ್ಟರೊಳಗೆ ಮುಗಿಯಬೇಕು.